ಜ್ಯೋತಿರ್ಗಣಿತಜ್ಞ ವೆಂಕಟೇಶ ಬಾಪೂಜಿ ಕೇತಕರ

ಗೋಮಂತಕದ ಡಿಚೋಲಿ ತಾಲೂಕಿನ ನಾರ್ವೆ ಗ್ರಾಮದಲ್ಲಿ ಶ್ರೀ ಸಪ್ತಕೋಟೇಶ್ವರನ ಸನ್ನಿಧಿಯಿದೆ. ಗೋವೆಯನ್ನಾಳಿದ ಕದಂಬ ಅರಸರಿಗೆ ಕುಲದೈವವಾಗಿದ್ದ ಈ ಸ್ವಾಮಿಯು ಕಾಲದ ಹೊಡೆತಕ್ಕೆ ಸಿಕ್ಕಿ ಮೂಲಸ್ಥಾನವನ್ನು ತೊರೆದು ನಾರ್ವೆಗೆ ಬಂದನು. ಅವನ ಆಲಯವನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ಇಲ್ಲಿ ಗೋಕುಲಾಷ್ಟಮಿಯೇ ದೊಡ್ಡ ಹಬ್ಬ. ಆ ದಿನ ನದಿಯಲ್ಲಿ ಮಿಂದು ದೇವರ ದರ್ಶನ ಪಡೆಯುವ ಭಕ್ತರ ಮನಸ್ಸಿನಲ್ಲಿ ಅಷ್ಟಮಿಯು ನಿಜವಾಗಿಯೂ ಅಂದೇ ಇದೆಯೇ ಎಂಬ ಸಂಶಯವು ಏಳುವುದಿಲ್ಲ. ಪಂಚಾಂಗವು ಹೇಳಿತು, ಪುರೋಹಿತರು ಓದಿದರು, ಊರು ನಂಬಿತು. ಈ ನಂಬಿಕೆಯ ಅಡಿಯಲ್ಲಿ ಆಧಾರಶಿಲೆಯಂತೆ ಕುಳಿತಿರುವುದು ಗಣಿತ. ಕಲ್ಲುಮರಗಳಿಂದ ಕಟ್ಟಿದ ದೇವಾಲಯವು ಜೀರ್ಣವಾಗುವಂತೆ ಈ ಗಣಿತವೂ ಕಾಲಕ್ರಮದಲ್ಲಿ ಜೀರ್ಣವಾಗುತ್ತದೆ. ಅದಕ್ಕೂ ಉದ್ಧಾರಕರು ಬೇಕಾಗುತ್ತಾರೆ. ಕನ್ನಡ ನಾಡಿನಲ್ಲಿ ಹುಟ್ಟಿ, ಕನ್ನಡ ನಾಡಿನಲ್ಲಿಯೇ ಬಾಳಿ, ಪಂಚಾಂಗಗಣಿತದ ಜೀರ್ಣೋದ್ಧಾರಕ್ಕೆ ತಮ್ಮ ಆಯುಷ್ಯವನ್ನು ಸವೆಸಿದ ಅಂಥ ಮಹನೀಯರಲ್ಲಿ ವೆಂಕಟೇಶ ಬಾಪೂಜಿ ಕೇತಕರರು ಅಗ್ರಗಣ್ಯರು.

ಕೇತಕರರು 1854ರಲ್ಲಿ ನರಗುಂದದಲ್ಲಿ ಜನಿಸಿದರು. ಇಂದು ಗದಗ ಜಿಲ್ಲೆಗೆ ಸೇರಿದ ಈ ಊರು ಅಂದು ಒಂದು ಚಿಕ್ಕ ಸಂಸ್ಥಾನದ ರಾಜಧಾನಿಯಾಗಿದ್ದಿತು. ಬಾಲಕನಿಗೆ ನಾಲ್ಕು ವರ್ಷವಾಗಿದ್ದಾಗ, ಅಂದರೆ 1858ರಲ್ಲಿ, ನರಗುಂದದ ಬಾಬಾಸಾಹೇಬರು ಆಂಗ್ಲರ ವಿರುದ್ಧ ಎದ್ದು ನಿಂತರು. ಬಂಡಾಯವು ಅಡಗಿಸಲ್ಪಟ್ಟು ಸಂಸ್ಥಾನವು ಲಯವಾಯಿತು. ರಾಜಾಶ್ರಯವು ಹೋದ ಊರಿನಲ್ಲಿ ವಿದ್ಯೆಯೊಂದೇ ವಿದ್ವಾಂಸರ ಮನೆತನಗಳಿಗೆ ಉಳಿದ ಸೊತ್ತು. ತಂದೆ ಬಾಪುಶಾಸ್ತ್ರಿಗಳು ಜ್ಯೋತಿಷಶಾಸ್ತ್ರವನ್ನು ಬಲ್ಲವರು. ಮನೆಯಲ್ಲಿ ಸಂಸ್ಕೃತದ ಸಿದ್ಧಾಂತಗ್ರಂಥಗಳು, ಹೊರಗೆ ಕನ್ನಡದ ನೆರೆಹೊರೆ, ಶಾಲೆಯಲ್ಲಿ ಆಂಗ್ಲ ವಿದ್ಯೆ, ಬರಹದಲ್ಲಿ ಮರಾಠಿ, ಹೀಗೆ ನಾಲ್ಕು ಧಾರೆಗಳು ಅವರಲ್ಲಿ ಕೂಡಿದುವು. ಮುಂಬಯಿ ಇಲಾಖೆಯ ಶಿಕ್ಷಣಖಾತೆಯಲ್ಲಿ ಅಧ್ಯಾಪಕರಾಗಿ ಸೇರಿ, ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾದರು. ಮುಂದೆ ವಿಜಾಪುರದಲ್ಲಿ (ಇಂದಿನ ವಿಜಯಪುರ) ನೆಲೆಸಿದರು. ಅವರಿಗೆ ವೇಧಶಾಲೆಯ ಆಶ್ರಯವಿರಲಿಲ್ಲ, ಅರಸರ ಪೋಷಣೆಯೂ ಇರಲಿಲ್ಲ. ಹಗಲು ಮಕ್ಕಳಿಗೆ ಪಾಠ, ಉಳಿದ ಹೊತ್ತು ಗ್ರಹಗಳ ಲೆಕ್ಕ. ಇದೇ ಅವರ ಜೀವನಕ್ರಮವಾಯಿತು.

ಅವರು ಕೈಹಾಕಿದ ಕಾರ್ಯದ ಮಹತ್ತ್ವವನ್ನು ತಿಳಿಯಬೇಕಾದರೆ ಅಂದಿನ ಪಂಚಾಂಗಗಳ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಕೊಂಕಣ, ಮಹಾರಾಷ್ಟ್ರ ಹಾಗೂ ಉತ್ತರ ಕರ್ನಾಟಕದ ಜೋಯಿಸರು ಗಣೇಶ ದೈವಜ್ಞರ ಗ್ರಹಲಾಘವವನ್ನು ಅನುಸರಿಸುತ್ತಿದ್ದರು. ಕೊಂಕಣ ತೀರದ ನಂದಿಗ್ರಾಮದಲ್ಲಿದ್ದ ಗಣೇಶ ದೈವಜ್ಞರು 1520ರಲ್ಲಿ ರಚಿಸಿದ ಆ ಗ್ರಂಥವು ಅತ್ಯಂತ ಬುದ್ಧಿವಂತಿಕೆಯ ಕೃತಿ. ಜ್ಯಾಕೋಷ್ಟಕಗಳ ಗೋಜಿಲ್ಲದೆ ಸರಳ ಗುಣಾಕಾರ ಭಾಗಾಕಾರಗಳಿಂದಲೇ ಗ್ರಹಸ್ಥಾನವನ್ನು ತೆಗೆಯುವ ಉಪಾಯವನ್ನು ಅವರು ಕಂಡುಹಿಡಿದರು. ಅಷ್ಟೇ ಅಲ್ಲದೆ, ಹಳೆಯ ಪಕ್ಷಗಳಲ್ಲಿ ಯಾವ ಗ್ರಹಕ್ಕೆ ಯಾವುದು ಆಕಾಶಕ್ಕೆ ಹೊಂದುತ್ತದೆಯೋ ಅದನ್ನೇ ಆರಿಸಿಕೊಂಡರು. ಅವರ ಕಾಲಕ್ಕೆ ಅದು ಸರಿಯಾಗಿತ್ತು. ಆದರೆ ನಿಧಾನವಾದ ಗಡಿಯಾರವು ದಿನಕ್ಕೆ ಒಂದು ಕ್ಷಣ ತಪ್ಪಿದರೂ ವರ್ಷಗಳು ಕಳೆದ ಮೇಲೆ ಗಂಟೆಯನ್ನೇ ತಪ್ಪುವಂತೆ, ಸುಮಾರು ನಾಲ್ಕು ಶತಮಾನಗಳ ಸಣ್ಣ ಸಣ್ಣ ಅಂತರಗಳು ಕೂಡಿ ದೊಡ್ಡದಾದುವು. ಗ್ರಂಥದಲ್ಲಿ ಬರೆದ ಗ್ರಹವೊಂದೆಡೆ, ಆಕಾಶದಲ್ಲಿ ಕಾಣುವ ಗ್ರಹವೊಂದೆಡೆ ಎಂಬಂತಾಯಿತು.

ಎಲ್ಲಕ್ಕಿಂತ ಮಿಗಿಲಾದ ತೊಡಕು ಚಂದ್ರನದು. ಹಳೆಯ ಗಣಿತದಲ್ಲಿ ಚಂದ್ರನಿಗೆ ಮಂದಫಲವೆಂಬ ಒಂದೇ ಮುಖ್ಯ ಸಂಸ್ಕಾರವಿದ್ದು, ಅದರ ಪರಮಾವಧಿಯು ಸುಮಾರು 5 ಅಂಶ. ನಿಜವಾಗಿ ಚಂದ್ರನ ಮಂದಫಲವು 6 ಅಂಶ 17 ಕಲೆಗಳವರೆಗೆ ಏರುತ್ತದೆ. ಸೂರ್ಯನ ಆಕರ್ಷಣೆಯಿಂದ ಉಂಟಾಗುವ ಎರಡನೆಯ ಸಂಸ್ಕಾರವೊಂದು 1 ಅಂಶ 16 ಕಲೆಗಳಷ್ಟಿದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಈ ಎರಡನೆಯದು ಮೊದಲನೆಯದರಿಂದ ಕಳೆಯುವುದರಿಂದ ಉಳಿಯುವುದು 5 ಅಂಶವೇ. ಆದುದರಿಂದ ಗ್ರಹಣಗಳು ಹಳೆಯ ಲೆಕ್ಕಕ್ಕೆ ತಕ್ಕಮಟ್ಟಿಗೆ ಹೊಂದುತ್ತಿದ್ದುವು. ಗ್ರಹಣವು ಹೊಂದಿದ ಮೇಲೆ ಪಂಚಾಂಗವೇ ಸರಿಯೆಂದು ಜನರು ತಿಳಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಷ್ಟಮಿಯ ಸಮೀಪದಲ್ಲಿ ಎರಡೂ ಸಂಸ್ಕಾರಗಳು ಕೂಡಿಕೊಳ್ಳಬಹುದು. ಆಗ ಹಳೆಯ ಚಂದ್ರನಿಗೂ ಆಕಾಶದ ಚಂದ್ರನಿಗೂ ಎರಡೂವರೆ ಅಂಶಗಳವರೆಗೆ ಅಂತರ ಬೀಳುತ್ತದೆ. ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸರಿದರೆ ಒಂದು ತಿಥಿ. ಆದ್ದರಿಂದ ಒಂದು ಅಂಶದ ತಪ್ಪೆಂದರೆ ಸುಮಾರು 5 ಘಟಿ, ಎಂದರೆ ಎರಡು ಗಂಟೆಯ ತಪ್ಪು. ಎರಡೂವರೆ ಅಂಶವಾದರೆ ತಿಥಿಯ ಅಂತ್ಯವು ಐದು ಗಂಟೆಗಳಷ್ಟು ಹಿಂದುಮುಂದಾಗುತ್ತದೆ. ಮುಂಜಾಲನೆಂಬ ಜ್ಯೋತಿರ್ವಿದನು 932ರಲ್ಲಿ ರಚಿಸಿದ ಲಘುಮಾನಸದಲ್ಲಿಯೇ ಚಂದ್ರನಿಗೆ ಎರಡನೆಯ ಸಂಸ್ಕಾರವೊಂದನ್ನು ಹೇಳಿದ್ದನು. ಆದರೆ ಅದು ಸಾಮಾನ್ಯ ಪಂಚಾಂಗಗಳಲ್ಲಿ ಬಳಕೆಗೆ ಬರಲಿಲ್ಲ.

ಇದು ಪಂಡಿತರ ಮನೆಯ ವಾದಮಾತ್ರವಲ್ಲ. ವೈಷ್ಣವರಿಗೆ ಅರುಣೋದಯಕಾಲದಲ್ಲಿ, ಎಂದರೆ ಸೂರ್ಯೋದಯಕ್ಕೆ 4 ಘಟಿ ಮುಂಚೆ, ದಶಮಿಯ ಸ್ಪರ್ಶವಿದ್ದರೆ ಅಂದಿನ ಏಕಾದಶಿಯು ಉಪವಾಸಕ್ಕೆ ಸಲ್ಲದು, ದ್ವಾದಶಿಯಂದು ಉಪವಾಸ. ತಿಥಿಯು ಐದು ಗಂಟೆ ತಪ್ಪಿದರೆ ವ್ರತದ ದಿನವೇ ತಪ್ಪುತ್ತದೆ. ಶ್ರಾದ್ಧದ ತಿಥಿ, ಜನ್ಮಾಷ್ಟಮಿಯ ನಡುರಾತ್ರಿ, ರಥೋತ್ಸವದ ಮುಹೂರ್ತ, ಇವೆಲ್ಲಕ್ಕೂ ಇದೇ ಗತಿ. ದಿನವಿಡೀ ನೀರೂ ಕುಡಿಯದೆ ಉಪವಾಸವಿದ್ದ ಮುದುಕಿಯ ಶ್ರದ್ಧೆಯು ಶುದ್ಧವಾದುದೇ ಸರಿ. ಆದರೆ ಅವಳಿಗೆ ದಿನವನ್ನು ಹೇಳುವವನ ಹೊಣೆಯು ಅಷ್ಟೇ ಶುದ್ಧವಾಗಿರಬೇಡವೇ? ಈ ಹೊಣೆಯ ಅರಿವೇ ಕೇತಕರರ ಜೀವಮಾನದ ಪರಿಶ್ರಮಕ್ಕೆ ಮೂಲವೆಂದು ಅವರ ಗ್ರಂಥಗಳನ್ನು ಕಂಡವರು ತಿಳಿಯಬಹುದು.

ಈ ದಾರಿಯಲ್ಲಿ ಅವರು ಮೊದಲಿಗರಲ್ಲ. ಪುಣೆಯ ಕೇರೋ ಲಕ್ಷ್ಮಣ ಛತ್ರೆಯವರು 1860ರಲ್ಲಿ ಪಾಶ್ಚಾತ್ಯ ಕೋಷ್ಟಕಗಳ ಆಧಾರದಿಂದ ಗ್ರಹಸಾಧನದ ಕೋಷ್ಟಕಗಳನ್ನು ಮರಾಠಿಯಲ್ಲಿ ಪ್ರಕಟಿಸಿದ್ದರು. ಕಾಶಿಯಲ್ಲಿ ಬಾಪುದೇವ ಶಾಸ್ತ್ರಿಗಳೂ, ಮದರಾಸಿನ ವೇಧಶಾಲೆಯಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರೂ ದೃಗ್ಗಣಿತದ ಪಂಚಾಂಗಗಳನ್ನು ಹೊರಡಿಸಿದ್ದರು. ಆದರೆ ಹಳ್ಳಿಯ ಜೋಯಿಸನಿಗೆ ಆಂಗ್ಲ ನಾವಿಕ ಪಂಚಾಂಗವು ತಿಳಿಯದು, ತರಿಸಿಕೊಳ್ಳಲು ಹಣವೂ ಇಲ್ಲ. ಅವನಿಗೆ ಬೇಕಾದುದು ಸಂಸ್ಕೃತದಲ್ಲಿದ್ದು, ತನ್ನ ಗುರುಪರಂಪರೆಯ ಪರಿಭಾಷೆಯಲ್ಲಿದ್ದು, ತಾನೇ ಕುಳಿತು ಲೆಕ್ಕ ಮಾಡಬಹುದಾದ ಸ್ವತಂತ್ರ ಗ್ರಂಥ. ಈ ಕೊರತೆಯನ್ನು ತುಂಬಿದವರು ಕೇತಕರರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅವರ ಜ್ಯೋತಿರ್ಗಣಿತವೂ ಕೇತಕೀ ಗ್ರಹಗಣಿತವೂ ಸಿದ್ಧವಾದುವು. ಜ್ಯೋತಿರ್ಗಣಿತವು ದೊಡ್ಡ ಗ್ರಂಥ. ಯುರೋಪಿನ ಜ್ಯೋತಿರ್ವಿದರು ಗುರುತ್ವಾಕರ್ಷಣದ ತತ್ತ್ವದಿಂದ ಸಾಧಿಸಿದ ಗ್ರಹಗತಿಗಳನ್ನು ಭಾರತೀಯ ಪದ್ಧತಿಯ ಅಹರ್ಗಣ, ಮಧ್ಯಮ, ಸ್ಪಷ್ಟಗಳ ಚೌಕಟ್ಟಿಗೆ ಇಳಿಸಿ ಕೋಷ್ಟಕಸಹಿತವಾಗಿ ಅದರಲ್ಲಿ ಕೊಟ್ಟರು. ಕೇತಕಿಯು ಗ್ರಹಲಾಘವದ ರೀತಿಯಲ್ಲಿ ಶ್ಲೋಕರೂಪವಾದ, ಪಂಚಾಂಗಕರ್ತರ ನಿತ್ಯದ ಬಳಕೆಗೆ ಹಗುರವಾದ ಗ್ರಂಥ. ತಿಥಿನಕ್ಷತ್ರಯೋಗಗಳ ಸಾಧನೆಗೆ ವೈಜಯಂತಿಯೆಂಬ ಮತ್ತೊಂದು ಕೃತಿಯನ್ನೂ ರಚಿಸಿದರು.

ದೊಡ್ಡದೊಂದು, ಚಿಕ್ಕದೊಂದು ಏಕೆ ಎಂದು ಕೇಳಬಹುದು. ಇಲ್ಲಿಯೇ ಗಣಿತಜ್ಞನ ವಿವೇಕವಿದೆ. ಚಂದ್ರನ ಗತಿಗೆ ಮೇಲೆ ಹೇಳಿದ ಎರಡಲ್ಲದೆ 39 ಕಲೆಗಳ ಮೂರನೆಯ ಸಂಸ್ಕಾರವೂ, 11 ಕಲೆಗಳ ನಾಲ್ಕನೆಯದೂ ಇವೆ. ಅವುಗಳ ಹಿಂದೆ ಇನ್ನೂ ಚಿಕ್ಕವು ನೂರಾರು ಸಾಲುಗಟ್ಟಿ ನಿಂತಿವೆ. ಎಲ್ಲವನ್ನೂ ಕೂಡಿಸಹೊರಟರೆ ಒಂದು ತಿಥಿಗೆ ಒಂದು ದಿನವಾದೀತು. ಕೆಲವನ್ನೇ ಹಿಡಿದರೆ ಲೆಕ್ಕವು ಸುಲಭ, ಫಲವು ಸ್ಥೂಲ. ಒಂದು ಕಲೆಯ ತಪ್ಪು ತಿಥಿಯಲ್ಲಿ ಸುಮಾರು ಎರಡು ನಿಮಿಷದ ತಪ್ಪಾಗುತ್ತದೆ. ಹಾಗಿದ್ದರೆ 39 ಕಲೆಯ ಸಂಸ್ಕಾರವನ್ನು ಬಿಟ್ಟವನು ಒಂದು ಗಂಟೆಗೂ ಮಿಕ್ಕು ತಪ್ಪಬಲ್ಲನು. 11 ಕಲೆಯದನ್ನು ಬಿಟ್ಟವನು ಇಪ್ಪತ್ತೆರಡು ನಿಮಿಷ ತಪ್ಪಬಲ್ಲನು. ಒಂದೆರಡು ವಿಕಲೆಗಳನ್ನು ಬಿಟ್ಟವನಿಂದ ಯಾವ ವ್ರತಕ್ಕೂ ಭಂಗವಿಲ್ಲ. ಎಷ್ಟು ಸೂಕ್ಷ್ಮತೆಯು ಅವಶ್ಯ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಾರ್ಯದ ಉದ್ದೇಶವನ್ನು ನೋಡಿ ನಿರ್ಣಯಿಸುವುದೇ ಕರಣಗ್ರಂಥಕಾರನ ಧರ್ಮ.

ಪರದೇಶದ ಕೋಷ್ಟಕಗಳನ್ನು ಸ್ವೀಕರಿಸಿದುದಕ್ಕೆ ಆಕ್ಷೇಪಿಸುವವರು ಗೋವೆಯ ಚರಿತ್ರೆಯ ಒಂದು ಪ್ರಸಂಗವನ್ನು ನೆನೆಯಬೇಕು. ಜಯಪುರದ ಸವಾಯಿ ಜಯಸಿಂಹ ಮಹಾರಾಜನು ಮ್ಯಾನುಯೆಲ್ ದ ಫಿಗರೇಡೊ ಎಂಬ ಪಾದ್ರಿಯ ಮುಖಂಡತ್ವದಲ್ಲಿ ಗೋವೆಯ ಮಾರ್ಗವಾಗಿ ಪೋರ್ತುಗಾಲಕ್ಕೆ ದೂತರನ್ನು ಕಳುಹಿಸಿ, ಫ್ರಾನ್ಸಿನ ದ ಲಾ ಹೀರನ ಕೋಷ್ಟಕಗಳನ್ನು ತರಿಸಿಕೊಂಡನು. ತರಿಸಿದವನು ಕಣ್ಣುಮುಚ್ಚಿ ನಂಬಲಿಲ್ಲ. ತನ್ನ ವೇಧಗಳೊಡನೆ ಹೋಲಿಸಿ, ಚಂದ್ರಸ್ಥಾನದಲ್ಲಿ ಅರ್ಧ ಅಂಶದ ತಪ್ಪಿದೆಯೆಂದು ತೋರಿಸಿದನು. ಎಲ್ಲಿಂದ ಬಂದಿತೆಂಬುದು ಮುಖ್ಯವಲ್ಲ, ಆಕಾಶಕ್ಕೆ ಹೊಂದುತ್ತದೆಯೇ ಎಂಬುದೇ ಮುಖ್ಯ. ಕೇತಕರರ ನಿಲುವೂ ಇದೇ ಆಗಿದ್ದಿತು.

ಆದರೂ ವಿರೋಧವು ಬಾರದೆ ಇರಲಿಲ್ಲ. ತಿಥಿಯು ಹೆಚ್ಚೆಂದರೆ 65 ಘಟಿ ಬೆಳೆಯಬಹುದು, ಕಡಿಮೆಯೆಂದರೆ 54 ಘಟಿಗೆ ಇಳಿಯಬಹುದು ಎಂಬುದು ಸಂಪ್ರದಾಯದ ನಿಯಮ. ಇದಕ್ಕೆ ಬಾಣವೃದ್ಧಿ ರಸಕ್ಷಯವೆಂದು ಹೆಸರು. ಧರ್ಮಶಾಸ್ತ್ರದ ನಿರ್ಣಯಗಳನ್ನು ಮಾಡುವಾಗ ವಿದ್ವಾಂಸರು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ದೃಗ್ಗಣಿತದ ತಿಥಿಯಾದರೋ ಸುಮಾರು 67 ಘಟಿಗಳವರೆಗೆ ಬೆಳೆದು 50 ಘಟಿಗಳವರೆಗೆ ಕ್ಷಯಿಸುತ್ತದೆ. ಇದರಿಂದ ವ್ರತನಿರ್ಣಯದಲ್ಲಿ ತೊಡಕು ಬರುವುದೆಂದು ಹಿರಿಯರು ಅಂಜಿದರು. ಅವರ ಅಂಜಿಕೆಯು ಹಗುರವಾದುದಲ್ಲ. ಗ್ರಹಣಕ್ಕೆ ಮಾತ್ರ ಹೊಸ ಗಣಿತ, ವ್ರತಕ್ಕೆ ಹಳೆಯ ಗಣಿತ ಎಂಬ ಪಕ್ಷವು ಹುಟ್ಟಿದುದು ಈ ಸಂಕಟದಿಂದಲೇ. ಆದರೆ ಒಬ್ಬನೇ ಚಂದ್ರನಿಗೆ ಎರಡು ಸ್ಥಾನಗಳು ಹೇಗೆ ಇರಬಲ್ಲವು? ಕೇತಕರರು ಹಳೆಯದನ್ನು ಹೀಯಾಳಿಸಲಿಲ್ಲ. ಸೌರ, ಆರ್ಯ, ಬ್ರಾಹ್ಮ ಪಕ್ಷಗಳ ತಿಥಿಗಣಿತಕ್ಕೇ ಒಂದು ಗ್ರಂಥವನ್ನು ಬರೆದು, ಪ್ರಾಚೀನರ ಲೆಕ್ಕವನ್ನು ಯಥಾವತ್ತಾಗಿ ತಿಳಿಯುವ ದಾರಿಯನ್ನು ತೋರಿಸಿಕೊಟ್ಟರು. ದೇವಾಲಯದ ಜೀರ್ಣೋದ್ಧಾರ ಮಾಡುವವನು ಹಳೆಯ ಶಿಲ್ಪಿಯನ್ನು ನಿಂದಿಸುವುದಿಲ್ಲ; ಕೊಳೆತ ತೊಲೆಯನ್ನು ತೆಗೆದು ಹೊಸತನ್ನು ಏರಿಸುತ್ತಾನೆ, ಗರ್ಭಗುಡಿಯ ದೇವರನ್ನು ಹಾಗೆಯೇ ಕಾಪಾಡುತ್ತಾನೆ.

ಇನ್ನೊಂದು ವಾದವು ಅಯನಾಂಶದ್ದು. ರಾಶಿಚಕ್ರದ ಆರಂಭಬಿಂದುವನ್ನು ಎಲ್ಲಿ ಹಿಡಿಯಬೇಕು? ಛತ್ರೆಯವರೂ ಮುಂದೆ ಲೋಕಮಾನ್ಯ ತಿಲಕರ ಪಕ್ಷದವರೂ ರೇವತೀ ಪುಂಜದ ಒಂದು ಮಂಕು ತಾರೆಯನ್ನು ಆಧಾರವಾಗಿ ಹಿಡಿದರು. ಕೇತಕರರು ಉಜ್ಜ್ವಲವಾದ ಚಿತ್ರಾ ತಾರೆಯನ್ನು ಹಿಡಿದು, ಅದಕ್ಕೆ ನೇರ ಎದುರಾಗಿ 180 ಅಂಶ ದೂರದಲ್ಲಿರುವ ಬಿಂದುವೇ ಮೇಷಾದಿಯೆಂದು ಪ್ರತಿಪಾದಿಸಿದರು. ಎರಡು ಪಕ್ಷಗಳಿಗೂ ಸುಮಾರು 4 ಅಂಶಗಳ ಅಂತರ. ಸೂರ್ಯನು ದಿನಕ್ಕೆ ಒಂದು ಅಂಶದಷ್ಟು ನಡೆಯುವುದರಿಂದ ಮಕರಸಂಕ್ರಾಂತಿಯು ತಿಲಕ ಪಂಚಾಂಗದಲ್ಲಿ ಜನವರಿ 10ಕ್ಕೂ, ಚಿತ್ರಾಪಕ್ಷದಲ್ಲಿ 14 ಅಥವಾ 15ಕ್ಕೂ ಬರುತ್ತದೆ. ಅಧಿಕಮಾಸವೂ ಬೇರೆಯಾಗಬಹುದು. ತಿಥಿಗೆ ಮಾತ್ರ ಅಯನಾಂಶದ ಬಾಧೆಯಿಲ್ಲ. ಸೂರ್ಯಚಂದ್ರರಿಬ್ಬರಿಂದಲೂ ಒಂದೇ ಸಂಖ್ಯೆಯನ್ನು ಕಳೆದರೆ ಅವರ ನಡುವಣ ಅಂತರವು ಬದಲಾಗದಷ್ಟೆ.

ಗಣಿತವು ಎಷ್ಟು ಸೂಕ್ಷ್ಮವಾದರೂ ಸ್ಥಳವನ್ನು ಮರೆತರೆ ಕೆಟ್ಟಿತು. ಕೇತಕರರಿದ್ದ ವಿಜಾಪುರವು ಭಾರತೀಯ ಜ್ಯೋತಿಷದ ಮಧ್ಯರೇಖೆಯಾದ ಉಜ್ಜಯಿನಿಯ ರೇಖೆಗೆ ಬಹುಮಟ್ಟಿಗೆ ನೇರ ದಕ್ಷಿಣದಲ್ಲಿದೆ. ಗೋವೆಯ ಪಣಜಿಯು ಅದಕ್ಕಿಂತ ಪಶ್ಚಿಮದಲ್ಲಿ 73 ಅಂಶ 50 ಕಲೆಗಳ ರೇಖಾಂಶದಲ್ಲಿದೆ. ಆದುದರಿಂದ ಗೋವೆಯಲ್ಲಿ ಸೂರ್ಯನು ವಿಜಾಪುರಕ್ಕಿಂತ ಸುಮಾರು ಏಳು ನಿಮಿಷ ತಡವಾಗಿ ಉದಯಿಸುತ್ತಾನೆ. ಋತುವಿಗೆ ತಕ್ಕಂತೆ ಇದರಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆ. ತಿಥಿಯು ಮುಗಿಯುವ ಕ್ಷಣವು ಎಲ್ಲೆಡೆಗೂ ಒಂದೇ, ಸೂರ್ಯೋದಯವು ಮಾತ್ರ ಊರಿಂದೂರಿಗೆ ಬೇರೆ. ಆ ಏಳು ನಿಮಿಷಗಳ ನಡುವೆ ತಿಥಿಯು ಮುಗಿದರೆ, ವಿಜಾಪುರದಲ್ಲಿ ಉದಯಕ್ಕಿರುವ ತಿಥಿಯೇ ಬೇರೆ, ಗೋವೆಯಲ್ಲಿ ಉದಯಕ್ಕಿರುವ ತಿಥಿಯೇ ಬೇರೆ. ಎರಡೂ ಊರಿನ ಪಂಚಾಂಗಗಳು ಸರಿಯಾಗಿದ್ದೂ ದಿನವು ಬೇರೆಯಾಗಬಹುದು. ಈ ಮರ್ಮವನ್ನು ತಿಳಿದವನು ನೆರೆಯವನ ಪಂಚಾಂಗವನ್ನು ಕಂಡು ಜಗಳವಾಡಲಾರನು.

ಕೇತಕರರ ಹೆಸರು ಪರದೇಶಕ್ಕೂ ತಲುಪಿತು. 1911ರಲ್ಲಿ ಫ್ರಾನ್ಸಿನ ಖಗೋಲ ಸಂಘದ ಪತ್ರಿಕೆಯಲ್ಲಿ ಅವರ ಲೇಖನವು ಪ್ರಕಟವಾಯಿತು. ಗುರುಗ್ರಹದ ಉಪಗ್ರಹಗಳ ಗತಿಗಳಲ್ಲಿ ಲಾಪ್ಲಾಸನು ಕಂಡ ಸಂಬಂಧವನ್ನು ಹೊರಗ್ರಹಗಳಿಗೆ ಅನ್ವಯಿಸಿ, ನೆಪ್ಚೂನಿನ ಆಚೆಗೆ ಇನ್ನೆರಡು ಗ್ರಹಗಳಿರಬೇಕೆಂದು ಅವರು ಊಹಿಸಿದರು; ಅವುಗಳಿಗೆ ಬ್ರಹ್ಮಾ, ವಿಷ್ಣು ಎಂಬ ಹೆಸರುಗಳನ್ನಿಟ್ಟರು. ಬ್ರಹ್ಮನ ದೂರವು ಭೂಮಿ ಸೂರ್ಯರ ಅಂತರದ 38.95 ಪಟ್ಟು, ಪರಿಭ್ರಮಣಕಾಲ 242.28 ವರ್ಷವೆಂದು ಅವರ ಲೆಕ್ಕ. 1930ರ ಫೆಬ್ರವರಿಯಲ್ಲಿ ಅಮೆರಿಕದ ಲೋವೆಲ್ ವೇಧಶಾಲೆಯಲ್ಲಿ ಕ್ಲೈಡ್ ಟಾಂಬೋ ಪ್ಲೂಟೋವನ್ನು ಕಂಡುಹಿಡಿದಾಗ ಅದರ ದೂರವು 39.48 ಪಟ್ಟು, ಕಾಲವು ಸುಮಾರು 248 ವರ್ಷವೆಂದು ತಿಳಿದುಬಂದಿತು. ಸಾಮೀಪ್ಯವು ಬೆರಗುಗೊಳಿಸುವಂಥದು. ಆದರೆ ಸತ್ಯಪಕ್ಷಪಾತಿಯಾದ ಅವರನ್ನು ನೆನೆಯುವಾಗ ಸತ್ಯವನ್ನೇ ಹೇಳಬೇಕು. ಯುರೇನಸ್ ನೆಪ್ಚೂನುಗಳು ಅವರು ಊಹಿಸಿದ ಬಗೆಯ ಬಂಧನದಲ್ಲಿಲ್ಲ. ಪ್ಲೂಟೋಗೆ ನೆಪ್ಚೂನಿನೊಡನಿರುವ ಸಂಬಂಧವೂ ಅವರೆಂದುದಲ್ಲ. ಆಕಾಶದ ಯಾವ ಭಾಗದಲ್ಲಿ ಹುಡುಕಬೇಕೆಂದು ಅವರು ಹೇಳಿರಲಿಲ್ಲ. ವಿಷ್ಣುವೆಂಬ ಗ್ರಹವು ಕಾಣಿಸಲೇ ಇಲ್ಲ. ಪ್ಲೂಟೋವನ್ನು 2006ರಲ್ಲಿ ಕುಬ್ಜಗ್ರಹಗಳ ಸಾಲಿಗೆ ಸೇರಿಸಲಾಯಿತು. ಆದುದರಿಂದ ಅವರ ಕೀರ್ತಿಯನ್ನು ಈ ಊಹೆಯ ಮೇಲೆ ನಿಲ್ಲಿಸುವುದು ಅವರಿಗೆ ಮಾಡುವ ಗೌರವವಲ್ಲ. ಅದು ನಿಂತಿರುವುದು ಪಂಚಾಂಗಗಣಿತದ ಮೇಲೆ.

1923ರಲ್ಲಿ ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಶಾಖೆಯು ಭಾರತೀಯ ಹಾಗೂ ವಿದೇಶೀಯ ಕಾಲಗಣನೆಯನ್ನು ಕುರಿತ ಅವರ ಆಂಗ್ಲ ಗ್ರಂಥವನ್ನು ಪ್ರಕಟಿಸಿತು. ಶಾಸನದಲ್ಲಿ ಕೆತ್ತಿರುವ ಸಂವತ್ಸರ, ಮಾಸ, ತಿಥಿ, ವಾರಗಳು ಯಾವ ವರ್ಷದ ಯಾವ ದಿನಕ್ಕೆ ಹೊಂದುತ್ತವೆಂದು ಪರೀಕ್ಷಿಸಲು ಇಂಥ ಗ್ರಂಥಗಳು ಸಾಧನಗಳು. ಗೋವೆಯ ಕದಂಬರ ಕನ್ನಡ ಶಾಸನಗಳನ್ನು ಓದುವವರಿಗೂ ಈ ವಿದ್ಯೆಯು ಬೇಕೇ ಬೇಕು. ದಾನವನ್ನು ಕೊಟ್ಟ ಪುಣ್ಯದಿನವು ಯಾವುದೆಂದು ನೂರಾರು ವರ್ಷಗಳ ಮೇಲೆ ಹೇಳುವುದೂ ಒಂದು ಬಗೆಯ ಋಣಪರಿಹಾರವೇ ಸರಿ.

ಪ್ಲೂಟೋವು ಕಂಡ 1930ರಲ್ಲಿಯೇ ಕೇತಕರರು ವಿಜಾಪುರದಲ್ಲಿ ದೇಹವಿಟ್ಟರು. ಮಗ ದತ್ತರಾಜ ಕೇತಕರರು ಕೇತಕೀ ಗ್ರಹಗಣಿತಕ್ಕೆ ಅಂಕವಿವೃತಿಯನ್ನು ಬರೆದು ತಂದೆಯ ವಿದ್ಯೆಯನ್ನು ಮುಂದುವರಿಸಿದರು. ಸ್ವತಂತ್ರ ಭಾರತವು 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿಯನ್ನು ನೇಮಿಸಿತು. ನಿರ್ಮಲಚಂದ್ರ ಲಾಹಿರಿಯವರು ಅದರ ಕಾರ್ಯದರ್ಶಿಗಳು. 1955ರ ವರದಿಯಲ್ಲಿ ಸಮಿತಿಯು ದೃಗ್ಗಣಿತವನ್ನು ಎತ್ತಿಹಿಡಿದು, 1956ರ ಮಾರ್ಚ್ 21ಕ್ಕೆ ಅಯನಾಂಶವನ್ನು 23 ಅಂಶ 15 ಕಲೆಯೆಂದು ನಿಶ್ಚಯಿಸಿತು. ಇದು ಚಿತ್ರಾಪಕ್ಷವೇ. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವು ಆಚರಣೆಗೆ ಬಂದಿತು. ಬಾಗಲಕೋಟೆಯ ಉಪಾಧ್ಯಾಯರೊಬ್ಬರು ಹಿಡಿದ ತಾರೆಯನ್ನೇ ರಾಷ್ಟ್ರವೂ ಹಿಡಿಯಿತು.

ಇಂದು ಗಣಕಯಂತ್ರವು ಕ್ಷಣಾರ್ಧದಲ್ಲಿ ಗ್ರಹಸ್ಥಾನವನ್ನು ಹೇಳುತ್ತದೆ. 1987ರಲ್ಲಿ ಪ್ಯಾರಿಸ್ಸಿನ ಗಣಿತಜ್ಞರು ರೂಪಿಸಿದ ಗ್ರಹಸಿದ್ಧಾಂತದಲ್ಲಿ ಸಾವಿರಾರು ಪದಗಳಿವೆ; ಭೂಮಿಯೇ ಮೊದಲಾದ ಒಳಗ್ರಹಗಳಿಗೆ ಸಾವಿರಾರು ವರ್ಷಗಳವರೆಗೆ ಒಂದು ವಿಕಲೆಯ ನಿಖರತೆಯನ್ನು ಅದು ಕೊಡುತ್ತದೆ. ಆದರೂ ಆ ಯಂತ್ರವನ್ನು ನಡೆಸುವವನು ಕೆಲವನ್ನು ತಾನೇ ಆರಿಸಬೇಕು. ಎಷ್ಟು ಪದಗಳನ್ನು ಕೂಡಿಸಬೇಕು? ಯಾವ ಅಯನಾಂಶ? ಯಾವ ಊರಿನ ಅಕ್ಷಾಂಶ ರೇಖಾಂಶ? ಸೂರ್ಯೋದಯವೆಂದರೆ ಬಿಂಬದ ಮೇಲಂಚು ಕಂಡ ಕ್ಷಣವೋ, ಬಿಂಬದ ನಡುವು ಗಣಿತದಂತೆ ದಿಗಂತಕ್ಕೆ ಬಂದ ಕ್ಷಣವೋ? ಈ ಕೊನೆಯದೊಂದರಲ್ಲಿಯೇ ಮೂರು ನಾಲ್ಕು ನಿಮಿಷಗಳ ಅಂತರವಿದೆ. ಆಯ್ಕೆಯು ತಪ್ಪಿದರೆ ವಿಕಲೆಯ ನಿಖರತೆಯೂ ವ್ಯರ್ಥ. ಬೇರೊಂದು ಊರಿಗೆ ಹೊಂದಿಸಿದ ಯಂತ್ರವು ನಾರ್ವೆಯ ಅಷ್ಟಮಿಯನ್ನು ಬಹಳ ಸೂಕ್ಷ್ಮವಾಗಿಯೇ ತಪ್ಪು ಹೇಳೀತು. ಯಂತ್ರವು ಶ್ರಮವನ್ನು ಉಳಿಸಿದೆ, ವಿವೇಕದ ಹೊಣೆಯನ್ನು ಮನುಷ್ಯನ ಮೇಲೆಯೇ ಬಿಟ್ಟಿದೆ.

ಪುರಾಣದಲ್ಲಿ ಕೇತಕೀ ಪುಷ್ಪವು ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿಯನ್ನು ನುಡಿದು ಶಿವಪೂಜೆಯಿಂದ ಹೊರಗಾಯಿತೆಂದು ಕಥೆಯಿದೆ. ತನ್ನ ಮನೆತನದ ಹೆಸರಿನಲ್ಲಿ ಅದೇ ಹೂವನ್ನು ಹೊತ್ತ ಈ ಮಹನೀಯನು ತನ್ನ ಗ್ರಂಥಕ್ಕೂ ಕೇತಕಿಯೆಂದೇ ಹೆಸರಿಟ್ಟು, ಸೂರ್ಯಚಂದ್ರರನ್ನೇ ಸಾಕ್ಷಿಗೆ ನಿಲ್ಲಿಸಿ, ಆ ಹೂವಿನ ಅಪವಾದವನ್ನು ತೊಳೆದನೆಂದರೆ ಅತಿಶಯವಲ್ಲ. ದೇವರ ಮುಂದೆ ಅರ್ಪಿಸುವ ಹೂವು ಬಾಡಿರಬಾರದು, ನೀರು ಕಲಕಿರಬಾರದು, ದೀಪಕ್ಕೆ ಎಣ್ಣೆಯು ಕಡಿಮೆಯಾಗಬಾರದು; ಹಾಗೆಯೇ ಅರ್ಪಿಸುವ ಕಾಲವೂ ಶುದ್ಧವಾಗಿರಬೇಕು. ಕಾಲವೆಂಬ ಕಾಣದ ಗುಡಿಯನ್ನು ನೇರ್ಪಡಿಸಿದ ಆ ಬಡ ಉಪಾಧ್ಯಾಯನನ್ನು ನೆನೆಯುವುದು ಉಚಿತವಾಗಿದೆ. ಸಪ್ತಕೋಟೇಶ್ವರನು ಅಂಥ ಸತ್ಯನಿಷ್ಠೆಯನ್ನು ಸರ್ವರಿಗೂ ಅನುಗ್ರಹಿಸಲಿ.